ಸುಧರಾಯಿ ಕಟ್ಟೆಯ ಮಾತಿನ ಕಂಬಕ್ಕೆ

ಇವರಿಗೆ,
ಶ್ರೀಮಾನ್ ಮಾಹಿತಿ ಕಂಬದವರು,
ಹಿಂದಿನ ಸುಧರಾಯಿ ಕಟ್ಟಡದ ಜಗಲಿ,
ಖಿಸಕೋಲಿ ಪೋಳ, ಹಳೆಯ ಅಹಮದಾಬಾದು.

ಮಾನ್ಯರೇ,

ತಮ್ಮ ಸನ್ನಿಧಾನಕ್ಕೆ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗವೆಂದು ಬರೆಯುವುದಕ್ಕೇನೋ ಬರೆದೆ, ಆದರೆ ನನ್ನ ಮಂಡಿಗಳು ಅದಕ್ಕೆ ಒಪ್ಪುವುದಿಲ್ಲ. ಒಪ್ಪಿದರೂ, ತಮ್ಮ ಮುಂದಿನ ಕಟ್ಟೆಯ ಮೇಲೆ ಕೂರುವುದಕ್ಕೇ ಅಪ್ಪಣೆಯಿಲ್ಲದಿರುವಾಗ ಉದ್ದಕ್ಕೆ ಮಲಗುವುದಕ್ಕೆ ಎಲ್ಲಿಂದ ಸಿಗಬೇಕು? ಆದ್ದರಿಂದ ನಿಂತಲ್ಲಿಂದಲೇ ಮಾಡಿದ ನಮಸ್ಕಾರವನ್ನು ಸಾಷ್ಟಾಂಗವೆಂದೇ ಬಗೆದು ಸ್ವೀಕರಿಸಬೇಕಾಗಿ ಪ್ರಾರ್ಥನೆ.

ನನ್ನ ಹೆಸರು ಹೇಮಲತಾ. ಊರು ಹಾಸನದ ಕಡೆ. ತಮ್ಮ ಎದುರು ಮನೆಯ ಮೊದಲ ಮಹಡಿಯಲ್ಲಿ, ಬ್ಯಾಂಕಿನಿಂದ ನಿವೃತ್ತರಾದ ನನ್ನ ಯಜಮಾನರು ವೆಂಕಟಾಚಲ ಅವರೊಂದಿಗೆ ವಾಸವಾಗಿದ್ದೇನೆ. ತಾವು ನಮ್ಮನ್ನು ದಿನವೂ ನೋಡಿರುತ್ತೀರಿ, ಅಥವಾ ತಮ್ಮ ಹೊಟ್ಟೆಯೊಳಗಿರುವ ಯಾವುದೋ ಕೆಂಪು ಕಣ್ಣು ನೋಡಿರುತ್ತದೆ. ತಮ್ಮ ಪರದೆಯ ಕೆಳತುದಿಯಲ್ಲಿ ಅಭಿಪ್ರಾಯ ತಿಳಿಸುವುದಕ್ಕೆಂದು ನಗುವ ಮುಖ, ಸುಮ್ಮನಿರುವ ಮುಖ, ಅಳುವ ಮುಖ ಎಂದು ಮೂರು ಹಳದಿ ಮುಖಗಳನ್ನು ಇಟ್ಟಿರುವುದು ಬಲು ಉದಾರವಾದ ಏರ್ಪಾಡು. ಆದರೆ ನನ್ನ ಅಭಿಪ್ರಾಯ ಮೂರರಲ್ಲಿ ಯಾವುದಕ್ಕೂ ಹೊಂದದೆ ಹೋದದ್ದರಿಂದ ಈ ಪತ್ರ ಬರೆಯಬೇಕಾಯಿತು. ಇಲ್ಲಿನ ನಮ್ಮ ಕನ್ನಡ ಸಂಘದವರು ಯುಗಾದಿ ಸಂಚಿಕೆಗೆ ಹೋಳಿಗೆಯ ಬಗ್ಗೆ ಏನಾದರೂ ಬರೆದುಕೊಡಿ ಎಂದಿದ್ದರು. ಹೋಳಿಗೆಯ ಜಾಗದಲ್ಲಿ ತಮ್ಮನ್ನೇ ಬಡಿಸುತ್ತಿದ್ದೇನೆ. ಗುಜರಾತಿ, ಹಿಂದಿ, ಇಂಗ್ಲಿಷು ಮೂರನ್ನೂ ಅರೆದು ಕುಡಿದ ತಮಗೆ ಕನ್ನಡವೊಂದು ಬಾರದೆಂಬುದೂ ನನ್ನ ಧೈರ್ಯಕ್ಕೆ ಒಂದು ಕಾರಣ.

ಮೊದಲು ತಮ್ಮ ಗುಣಗಾನವನ್ನು ಮಾಡದಿದ್ದರೆ ನಾಲಿಗೆಗೆ ಒಳ್ಳೆಯದಾಗುವುದಿಲ್ಲ. ಎಂಥ ಕಂಠ, ಎಂಥ ನೆನಪು, ಎಂಥ ಸಮಭಾವ! ಮನುಷ್ಯರು ಬಂದರೆ ಮಾತನಾಡಿಸುವುದು ಲೋಕದಲ್ಲಿ ಎಲ್ಲರೂ ಮಾಡುವ ಕೆಲಸ. ತಾವು ಮೊನ್ನೆಮೊನ್ನೆಯವರೆಗೆ ಹಸು ಬಂದರೂ ಮಾತನಾಡಿಸುತ್ತಿದ್ದಿರಿ, ತರಕಾರಿ ಗಾಡಿ ಬಂದರೂ ಮಾತನಾಡಿಸುತ್ತೀರಿ, ಪಾರಿವಾಳವೊಂದು ರೆಕ್ಕೆ ಬಡಿದರೂ "ನಮಸ್ಕಾರ, ತಮಗೆ ಸ್ವಾಗತ" ಎಂದು ಆರಂಭಿಸಿ, ಅದು ಹಾರಿಹೋದ ಮೇಲೂ ಬೇಸರಿಸದೆ ಕಥೆಯನ್ನು ಕೊನೆಮುಟ್ಟಿಸುತ್ತೀರಿ. ಮಾತು ಬೆಳ್ಳಿ, ಮೌನ ಬಂಗಾರ ಎಂದು ನಮ್ಮ ಕಡೆ ಹೇಳುತ್ತಾರೆ. ಬಂಗಾರದ ಮೇಲೆ ತಮಗೆ ಆಸೆಯೇ ಇಲ್ಲದಿರುವುದನ್ನು ಕಂಡು ನಾವೆಲ್ಲ ಬೆರಗಾಗಿದ್ದೇವೆ. ತಮ್ಮ ಕಥೆ ಈಗ ನಮ್ಮ ಪೋಳದ ಹಸುಗೂಸುಗಳಿಗೂ ಬಾಯಿಪಾಠವಾಗಿದೆ.

ಆ ಕಥೆಯನ್ನು ಇನ್ನೂ ಕೇಳದ ಭಾಗ್ಯವಂತರಿಗಾಗಿ ಇಲ್ಲಿ ಸಂಗ್ರಹಿಸುತ್ತೇನೆ. ಪೋಳವೆಂದರೆ ಈ ಹಳೆಯ ಊರಿನ ಕೇರಿ, ಒಂದೇ ಹೆಬ್ಬಾಗಿಲು, ಒಳಗೆ ಒಂದರ ಹೆಗಲಿಗೆ ಒಂದು ಒರಗಿದ ಮನೆಗಳು. ಖಿಸಕೋಲಿ ಎಂದರೆ ಅಳಿಲು. ಈ ಅಳಿಲಿನ ಪೋಳವೂ ಅಕ್ಕಪಕ್ಕದ ಕೆಲವು ಪೋಳಗಳೂ ಒಂದಾನೊಂದು ಕಾಲದಲ್ಲಿ ಸೇರಿ ತಮ್ಮದೇ ಒಂದು ಪುಟ್ಟ ಪುರಸಭೆಯನ್ನು ಮಾಡಿಕೊಂಡಿದ್ದವಂತೆ. ಪುರಸಭೆಗೆ ಆಗಿನವರ ಮಾತು ಸುಧರಾಯಿ. ಆ ಸುಧರಾಯಿಯು ನಲ್ಲಿ ಹಾಕಿಸಿತು, ಬೀದಿಗೆ ದೀಪ ಹಾಕಿಸಿತು, ಹಕ್ಕಿಗಳಿಗೆ ಕಾಳು ಹಾಕಲು ಚಬೂತರೋ ಎಂಬ ಗೋಪುರ ಕಟ್ಟಿಸಿತು, ಕೊನೆಗೆ ದೊಡ್ಡ ನಗರಪಾಲಿಕೆಯಲ್ಲಿ ವಿಲೀನಗೊಂಡು ಸಮಾಪ್ತವಾಯಿತು. ಇಷ್ಟೇ. ಈ "ಸಮಾಪ್ತ" ಎಂಬ ಮಾತನ್ನು ತಾವು ಮದುವೆ ಮನೆಯಲ್ಲಿ ಪನ್ನೀರು ಚಿಮುಕಿಸುವಷ್ಟು ಹಿತವಾಗಿ ಹೇಳುತ್ತೀರಿ. ನನ್ನ ತಕರಾರು ಶುರುವಾಗುವುದೂ ಆ ಮಾತಿನಿಂದಲೇ.

ತಮ್ಮ ವಿದ್ವತ್ತಿಗೆ ಎದುರಾಡುವ ಉದ್ದೇಶ ನನಗಿಲ್ಲ. ಆದರೂ ನಾವು ಈ ಪೋಳಕ್ಕೆ ಬಂದ ದಿನ ನಡೆದದ್ದನ್ನು ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯ. ಆಗ ಯಜಮಾನರಿಗೆ ಇಲ್ಲಿನ ಶಾಖೆಗೆ ವರ್ಗವಾಗಿತ್ತು, ನನಗೆ ಮದುವೆಯಾಗಿ ಇನ್ನೂ ಅರಿಶಿನ ಆರಿರಲಿಲ್ಲ. ಏಪ್ರಿಲ್ ಬಿಸಿಲು. ಆಟೋದವನು ಹೆಬ್ಬಾಗಿಲಲ್ಲೇ ಇಳಿಸಿ ಹೋದ. ಹಾಸಿಗೆ ಸುರುಳಿ, ಕುಕ್ಕರು, ಗೋಣಿಚೀಲದಲ್ಲಿ ಸುತ್ತಿದ ರುಬ್ಬುಗುಂಡು, ಇವಿಷ್ಟನ್ನೂ ಹೊತ್ತು ಒಳಗೆ ಬಂದವರ ಕಣ್ಣಿಗೆ ಬಿದ್ದದ್ದು ತಾವು ಈಗ ನಿಂತಿರುವ ಕಟ್ಟೆ, ಅದರ ಮೇಲೊಂದು ಹಲಗೆ. ಹಿಂದಿ ಅಕ್ಷರಗಳ ತಲೆಗೆರೆ ಅಳಿಸಿದರೆ ಗುಜರಾತಿಯಾಗುತ್ತದೆ ಎಂದು ಯಜಮಾನರು ರೈಲಿನಲ್ಲೇ ಕಂಡುಹಿಡಿದಿದ್ದರು. ಆ ವಿದ್ಯೆಯನ್ನು ಉಪಯೋಗಿಸಿ "ಸು-ಧ-ರಾ-ಯಿ" ಎಂದು ಓದಿ, ಮುಖ ಅರಳಿಸಿ, "ನೋಡಿದೆಯಾ ಹೇಮಾ, ಎಂಥ ಜನ! ದಾರೀಲಿ ಹೋಗೋರು ಸುಧಾರಿಸಿಕೊಳ್ಳಲಿ ಅಂತ ಕಟ್ಟೆ ಕಟ್ಟಿಸಿ ಬೋರ್ಡೂ ಹಾಕಿದಾರೆ, ಕೂತ್ಕೋ" ಎಂದರು. ನಾನು ಕೂತೆ. ಕಾಲು ನೀಡಿಯೇ ಕೂತೆ. ಸರ್ಕಾರವೇ ಸುಧಾರಿಸಿಕೋ ಎಂದ ಮೇಲೆ ಸಂಕೋಚವೇಕೆ?

ಅದು ಸುಧರಾಯಿಯ ಸಭೆ ಕೂರುವ ಹೊತ್ತೆಂದು ನಮಗೇನು ಗೊತ್ತು? ಒಬ್ಬೊಬ್ಬರಾಗಿ ಹಿರಿಯರು ಬಂದು, ತಮ್ಮ ಜಾಗದಲ್ಲಿ ರುಬ್ಬುಗುಂಡಿನ ಸಮೇತ ಕೂತಿರುವ ಇಬ್ಬರನ್ನು ನೋಡಿ ಎದುರಿಗೆ ನಿಂತರು. ಇವರೂ ದಾರಿಹೋಕರೇ ಇರಬೇಕೆಂದು ಯಜಮಾನರು ಸರಿದು, ಧಾರಾಳವಾಗಿ ಜಾಗ ಬಿಟ್ಟುಕೊಟ್ಟರು. ಅಷ್ಟರಲ್ಲಿ ಕಟ್ಟೆಗೆ ಅಂಟಿದ ಮನೆಯೊಳಗಿನಿಂದ ಒಂದು ಹೆಂಗಸಿನ ದನಿ, "ಬಾ! ಓ ಬಾ!" ಎಂದು ಕೂಗಿತು. ಗುರುತಿಲ್ಲ, ಪರಿಚಯವಿಲ್ಲ, ಹೊಸದಾಗಿ ಬಂದವಳನ್ನು "ಬನ್ನಿ" ಎನ್ನುವುದು ಬಿಟ್ಟು "ಬಾ" ಎನ್ನುತ್ತಾರಲ್ಲ ಎಂದು ನನಗೆ ಸ್ವಲ್ಪ ಮುನಿಸು ಬಂತು. ಆದರೂ ಕನ್ನಡದಲ್ಲಿ ಕರೆದರಲ್ಲ ಎಂಬ ಸಂತೋಷ ಅದಕ್ಕಿಂತ ದೊಡ್ಡದಾಗಿತ್ತು. ಎದ್ದು ಸೆರಗು ಸರಿಮಾಡಿಕೊಂಡು ನೇರವಾಗಿ ಒಳಗೆ ನಡೆದುಬಿಟ್ಟೆ.

ಗುಜರಾತಿಯಲ್ಲಿ ಬಾ ಎಂದರೆ ತಾಯಿ. ಕೂಗಿದ್ದವರು ಆ ಮನೆಯ ಸೊಸೆ ಇಂದುಮತಿ. ಕರೆದದ್ದು ತಮ್ಮ ಅತ್ತೆಯನ್ನು, ಅಂದರೆ ಅಂದಿನ ಸಭೆಗೆ ಹಿರಿಯರಾಗಿ, ದೊಡ್ಡ ತಾಯಿ ಎಂಬರ್ಥದಲ್ಲಿ ಎಲ್ಲರಿಗೂ ಮೋಟಾ ಬಾ ಆಗಿದ್ದವರನ್ನು. ಎರಡು ಬಾಗಿಲಿನಿಂದ ಇಬ್ಬರು ಒಳಗೆ ಬಂದು ಎದುರುಬದುರಾದೆವು. ಮೋಟಾ ಬಾ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಸಭೆಯ ಕಡೆ ತಿರುಗಿ, "ಬೋಲಾವಿ ಎಟಲೇ ಆವಿ" ಎಂದರು. ಕರೆದೆವು, ಬಂದಳು, ಅಷ್ಟೇ ಎಂದು ಅದರ ಅರ್ಥ. ಆ ಮೇಲೆ ನಾವು ಪೋಳದವರೇ ಆಗಿಹೋದೆವು. ಯಜಮಾನರಿಗೆ ಆಮೇಲೆ ವಡೋದರೆಗೆ ವರ್ಗವಾಯಿತು, ಸೂರತ್ತಿಗೂ ಆಯಿತು. ಅವರು ರೈಲಿನಲ್ಲಿ ಓಡಾಡಿದರೇ ಹೊರತು ನಾನು ಮನೆ ಬಿಡಲಿಲ್ಲ.

ಅದೇ ಸಂಜೆ ಸುಧರಾಯಿ ನನಗೊಂದು ಹುದ್ದೆಯನ್ನೂ ಕೊಟ್ಟಿತು. ನಾವು ಬಾಡಿಗೆ ಹಿಡಿದಿದ್ದ ಮನೆಯ ಮೆಟ್ಟಿಲ ಕೆಳಗೆ ಬೀದಿದೀಪದ ಸ್ವಿಚ್ಚಿತ್ತು. ಆ ಮನೆಗೆ ಯಾರು ಬಂದರೂ ಮುಸ್ಸಂಜೆಗೆ ಹಚ್ಚುವುದು, ಬೆಳಗಾದರೆ ಆರಿಸುವುದು ಅವರ ಪಾಲಿನ ಕೆಲಸ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತಾರೆ. ನಾನು ನೀರಿಗಿಂತ ಮುಂಚೆ ದೀಪಕ್ಕೇ ಬಂದೆ. ಜನ ನಮ್ಮನ್ನು ದೀವಾವಾಳಾ, ಅಂದರೆ ದೀಪದವರು, ಎಂದು ಕರೆಯತೊಡಗಿದರು. ಬ್ಯಾಂಕಿನವನನ್ನು ಹಿಡಿದು ಈ ಜನ ದಿವಾಳಿ ದಿವಾಳಿ ಎನ್ನುತ್ತಾರಲ್ಲ ಎಂದು ಯಜಮಾನರಿಗೆ ಬಹಳ ದಿನ ಅನ್ನ ಸೇರಲಿಲ್ಲ.

ಈಗ ತಾವೇ ಹೇಳಬೇಕು. ತಮ್ಮ ಲೆಕ್ಕದಲ್ಲಿ ಸುಧರಾಯಿ ಸಮಾಪ್ತವಾದದ್ದು ನಾವು ಬರುವುದಕ್ಕೆ ಎಷ್ಟೋ ಮುಂಚೆ. ಹಾಗಾದರೆ ನನಗೆ ದೀಪ ವಹಿಸಿದವರು ಯಾರು? ವಿಲೀನದ ಸುದ್ದಿ ಇವರಿಗೆ ತಿಳಿಯದೇನೂ ಇರಲಿಲ್ಲ. ಆದರೆ ವಿಲೀನವಾದ ಮರುದಿನವೂ ಸಂಜೆಯಾಯಿತು, ಸಂಜೆಯಾದ ಮೇಲೆ ಕಟ್ಟೆಗೆ ಬಂದು ಕೂತರು, ಕೂತ ಮೇಲೆ ಮಾತು ಬಂತು, ಮಾತು ಬಂದ ಮೇಲೆ ಏನಾದರೊಂದು ತೀರ್ಮಾನವಾಗಲೇಬೇಕಲ್ಲ. ಹೀಗೆ ದಾಖಲೆಯಲ್ಲಿ ಸತ್ತ ಸಂಸ್ಥೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಬದುಕಿತ್ತು. ಗಂಡಸರು ಕ್ರಮೇಣ ನದಿಯಾಚೆಯ ಕಚೇರಿಗಳಿಗೂ ಟಿವಿಗಳಿಗೂ ಹಂಚಿಹೋದರು, ಹೆಂಗಸರು ಉಳಿದರು. ಮೋಟಾ ಬಾ ತೀರಿಕೊಂಡ ಮೇಲೆ ಅವರ ಜಾಗದಲ್ಲಿ ಕೂತವರು ಇಂದುಮತಿ. ಕಾಲ ಕಳೆದಂತೆ ಅವರೇ ಇಡೀ ಪೋಳಕ್ಕೆ ಬಾ ಆದರು.

ಸಭೆಯ ಕ್ರಮವನ್ನೂ ತಾವು ತಿಳಿದಿರಬೇಕು, ಮುಂದೆ ಉಪಯೋಗಕ್ಕೆ ಬರುತ್ತದೆ. ಯಾರಿಗೆ ಏನು ಬೇಕೋ ಅವರು ಎದ್ದು ನಿಂತು ಕೇಳಬೇಕು. ಕೇಳಿದ ಮೇಲೆ ಚಹಾ ಬರುತ್ತದೆ. ಚಹಾ ಮುಗಿಯುವುದರೊಳಗೆ ಯಾರಾದರೂ ಬೇಡವೆಂದರೆ ಚರ್ಚೆ, ಯಾರೂ ಬಾಯಿ ಬಿಡದಿದ್ದರೆ ಒಪ್ಪಿಗೆ. ಉತ್ತರಾಯಣದ ಗಾಳಿಪಟಕ್ಕೆ ಯಾರ ತಾರಸಿ, ಸ್ಕೂಟರು ಯಾರ ಗೋಡೆಗೆ, ಚಬೂತರೋಗೆ ಕಾಳು ಯಾರ ಸರದಿ, ಛುಂದೊ ಎಂಬ ಸಿಹಿ ಮಾವಿನ ಉಪ್ಪಿನಕಾಯಿಯ ಭರಣಿಗಳಿಗೆ ಬಿಸಿಲು ಬೀಳುವ ಮೂಲೆ ಯಾರದು ಎಂದು ಎಲ್ಲವೂ ಹೀಗೆಯೇ ತೀರ್ಮಾನವಾದದ್ದು. ಬೇಡವೆನ್ನುವ ಮನಸ್ಸಿರುವವರು ಬಿಸಿ ಚಹಾವನ್ನು ಎಷ್ಟು ನಿಧಾನವಾಗಿ ಕುಡಿಯಬಲ್ಲರು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನನ್ನ ಮಗಳು ನಿಕಿತಾ ಹುಟ್ಟಿದಾಗ ಯಜಮಾನರು ಸೂರತ್ತಿನಲ್ಲಿದ್ದರು. ನನ್ನ ತಾಯಿಗೆ ಕಾಲು ಮುರಿದು ಬಾಣಂತನಕ್ಕೆ ಬರಲಾಗಲಿಲ್ಲ. ಆ ಸಂಜೆ ನನ್ನ ಪರವಾಗಿ ಎದ್ದು ನಿಂತು ಕೇಳಿದವರು ಇಂದುಮತಿ. ಯಾರ ಮನೆಯಿಂದ ಊಟ, ಯಾರು ಮಗುವಿಗೆ ಎಣ್ಣೆನೀರು, ರಾತ್ರಿ ಯಾರು ಜೊತೆಗೆ ಎಂದು ಒಂದು ಲೋಟ ಚಹಾದೊಳಗೆ ಎಲ್ಲವೂ ತೀರ್ಮಾನವಾಯಿತು. ಮೆಣಸಿನ ಸಾರು ಬೇಕೆಂದು ಅಳುತ್ತಿದ್ದ ನನಗೆ ತುಪ್ಪ ಸುರಿದ ಶೀರೊ ತಿನ್ನಿಸಿ, ಮೂರನೆಯ ದಿನ ಎಲ್ಲಿಂದಲೋ ಮೆಣಸು ಹುಡುಕಿ ತಂದು, ನಾನು ಕೈಸನ್ನೆಯಲ್ಲಿ ಹೇಳಿಕೊಟ್ಟಂತೆ ಸಾರನ್ನೂ ಮಾಡಿದರು. ಸಾರಿಗೆ ಸಕ್ಕರೆ ಹಾಕಿದ್ದರು ಎಂಬುದು ಬೇರೆ ಮಾತು. ಸಮಾಪ್ತವಾದ ಸಂಸ್ಥೆಯೊಂದು ನನ್ನ ಬಾಣಂತನ ಮಾಡಿತು, ಮಾನ್ಯರೇ. ಇದು ತಮ್ಮ ಕಥೆಯಲ್ಲಿಲ್ಲ.

ಇಂಥ ಕಟ್ಟೆಯ ಮೇಲೆ ತಮ್ಮ ಪ್ರತಿಷ್ಠಾಪನೆಯಾದ ದಿನ ನನಗೆ ಇನ್ನೂ ಕಣ್ಣಮುಂದಿದೆ. ಶಾಮಿಯಾನ ಹಾಕಿದರು, ಪೇಡೆ ಹಂಚಿದರು, ಬಂದ ಅತಿಥಿಗಳು ಪರಂಪರೆ ಪರಂಪರೆ ಎಂದು ಭಾಷಣ ಮಾಡಿ, ಪರಂಪರೆಯ ಮನೆಗಳೊಳಗೆ ಒಂದು ಲೋಟ ನೀರೂ ಕುಡಿಯದೆ ಹೋದರು. ಅವರು ಹೋದ ಮೇಲೆ ಬಾ ಹೊಸ ಸೀರೆಯುಟ್ಟು, ತಟ್ಟೆಯಲ್ಲಿ ಕುಂಕುಮ ಅಕ್ಷತೆ ಹಿಡಿದು ಬಂದರು. ಸುಧರಾಯಿಗೆ ಹೊಸದಾಗಿ ಬಂದವರಲ್ಲವೇ ತಾವು? ತಮ್ಮ ಗಾಜಿನ ಹಣೆಗೆ ತಿಲಕವಿಟ್ಟರು. ಬೆರಳು ತಾಗಿದ ಕೂಡಲೇ ತಾವು ಗುಜರಾತಿ ಬಿಟ್ಟು ಇಂಗ್ಲಿಷಿಗೆ ಹಾರಿದಿರಿ. "ತಿಲಕವಿಟ್ಟರೆ ವಿಲಾಯಿತಿಗೆ ಹೋಯಿತಲ್ಲ" ಎಂದು ಬಾ ಅವರ ಸೊಸೆ ಪೂರ್ವಿ ಬಿದ್ದುಬಿದ್ದು ನಕ್ಕಳು, ಎಲ್ಲರೂ ನಕ್ಕೆವು. ಪೂಜೆ ಮುಗಿಸಿದ ಬಾ ಸೆರಗಿನಿಂದ ಬೆವರೊರಸಿ, ಯಾವಾಗಲೂ ಕೂರುವ ಜಾಗದಲ್ಲಿ ಕೂತರು. ಆಗ ತಾವು ಗುಜರಾತಿಗೆ ಮರಳಿ, ಪೋಳಕ್ಕೆಲ್ಲ ಕೇಳುವಂತೆ ಅಪ್ಪಣೆ ಕೊಡಿಸಿದಿರಿ: "ಕೃಪಯಾ ಅಹೀಂ ಬೇಸಶೋ ನಹೀಂ. ಆ ಆಪಣೋ ವಾರಸೋ ಛೇ." ದಯವಿಟ್ಟು ಇಲ್ಲಿ ಕೂರಬೇಡಿ, ಇದು ನಮ್ಮ ಪರಂಪರೆ.

ಬಾ ಎದ್ದರು. ಯಾರ ಮುಖವನ್ನೂ ನೋಡಲಿಲ್ಲ, ತಟ್ಟೆಯನ್ನು ಮಾತ್ರ ಎತ್ತಿಕೊಂಡರು. ಈ ಪೋಳಕ್ಕೆ ಮದುವೆಯಾಗಿ ಬಂದಂದಿನಿಂದ ಕೂತ ಜಾಗದಿಂದ ಒಬ್ಬರು ಹೀಗೆ ಏಳುವುದನ್ನು ನೋಡಿ ನನಗೆ ಅಳು ಬಂತೆಂದು ತಮ್ಮ ಮುಂದೆ ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಅಂದಿನಿಂದ ಬಾ ಕೆಳಗಿಳಿದಿಲ್ಲ. ತರಕಾರಿಯವಳು ಬಂದರೆ ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಯುತ್ತದೆ, ಬೆಂಡೆಕಾಯಿ ಹೊತ್ತು ಮೇಲೇರುತ್ತದೆ. ನಾವು ಬಾ ಅವರನ್ನು ಬಿಟ್ಟು ಆ ಬುಟ್ಟಿಗೇ "ಜಯ ಶ್ರೀಕೃಷ್ಣ" ಹೇಳುತ್ತಿದ್ದೇವೆ.

ನಾನೇ ಮೇಲೆ ಹೋಗಿ ಕರೆದೆ. ಅದೊಂದು ಯಂತ್ರ, ಅದಕ್ಕೇನು ಗೊತ್ತು, ಬನ್ನಿ ಎಂದೆ. ಬಾ ತಲೆಯಾಡಿಸಿ, "ಸುಧರಾಯಿ ನಾ ಪಾಡೇ ಛೇ" ಎಂದರು. ಸುಧರಾಯಿ ಬೇಡವೆನ್ನುತ್ತಿದೆ! ತಾವು ಸುಧರಾಯಿಯ ಜಗಲಿಯಲ್ಲಿ ನಿಂತು ಮಾತನಾಡುತ್ತೀರಾದ್ದರಿಂದ ತಮ್ಮ ದನಿ ಸುಧರಾಯಿಯದೇ ಎಂದು ಅವರ ನಂಬಿಕೆ. ಹಿಂದೊಮ್ಮೆ ಕಟ್ಟೆಯ ಗೋಡೆಗೆ ಇಲ್ಲಿ ಉಗುಳಬಾರದೆಂದು ಬರೆಸಿದವರು ಇದೇ ಬಾ. ಎಲೆ ಅಡಿಕೆ ಉಗುಳಿದ ತಮ್ಮ ಗಂಡನ ಕೈಗೇ ಎಲ್ಲರೆದುರಿಗೆ ಬಕೆಟ್ಟು ಕೊಟ್ಟು ತೊಳೆಸಿದವರೂ ಅವರೇ. "ನಾನೇ ಮಾತು ಕೇಳದಿದ್ದರೆ ಇನ್ನು ಯಾರು ಕೇಳಬೇಕು, ಹೇಮಾ?" ಎಂದರು. ಅವಮಾನವಾಗಿದ್ದರೆ ಸಮಾಧಾನ ಮಾಡಬಹುದಿತ್ತು, ಆದರೆ ಅವರು ನಿಯಮಕ್ಕೆ ತಲೆಬಾಗಿ ಕೂತಿದ್ದಾರೆ.

ಬಾ ಇಲ್ಲದ ಕಟ್ಟೆಗೆ ಉಳಿದವರೂ ಬರುವುದನ್ನು ಬಿಟ್ಟರು. ಛುಂದೊ ಭರಣಿಗಳ ಮೂಲೆಗಾಗಿ ಪೂರ್ವಿಗೂ ಪಕ್ಕದ ಮನೆಯ ಪ್ರೇಮಾಳಿಗೂ ಮಾತು ನಿಂತಿದೆ. ಚಬೂತರೋ ಮೇಲೆ ಒಂದು ದಿನ ಮೂರು ಮನೆಯ ಕಾಳು, ಮರುದಿನ ಯಾರದೂ ಇಲ್ಲ. ಪಾರಿವಾಳಗಳು ಬಂದು ತಮ್ಮ ಮುಂದೆ ಕುಪ್ಪಳಿಸಿ, ತಮ್ಮಿಂದ ಇತಿಹಾಸ ಕೇಳಿಕೊಂಡು ಹಸಿದ ಹೊಟ್ಟೆಯಲ್ಲಿ ಹೋಗುತ್ತವೆ. ಯಜಮಾನರು ಪೇಪರು ಓದುವುದಕ್ಕೆ ಜಾಗವಿಲ್ಲದೆ ನನ್ನ ಅಡಿಗೆಮನೆಯ ಬಾಗಿಲಲ್ಲಿ ಕೂತು, ಒಗ್ಗರಣೆಗೆ ಸಾಸಿವೆ ಹೆಚ್ಚಾಯಿತು ಎನ್ನುತ್ತಾರೆ. ಇದಂತೂ ನನಗಾಗಿರುವ ನೇರವಾದ ನಷ್ಟ. ವಡೋದರೆಯ ಅಲಕಾಪುರಿಯಲ್ಲಿರುವ ನಿಕಿತಾ ಫೋನು ಮಾಡಿ, "ಅಮ್ಮಾ, ಇನ್ನೂ ಯಾಕೆ ಅಲ್ಲಿದೀರ, ನವರಂಗಪುರದಲ್ಲಿ ಫ್ಲ್ಯಾಟ್ ನೋಡೋಣ, ಲಿಫ್ಟ್ ಇರತ್ತೆ" ಎನ್ನುತ್ತಾಳೆ. ಮೊದಲಾಗಿದ್ದರೆ ಬೈದು ಫೋನಿಡುತ್ತಿದ್ದೆ. ಈಗ ಸುಮ್ಮನೆ ಕೇಳಿಸಿಕೊಳ್ಳುತ್ತೇನೆ. ಬಾಣಂತನ ಮಾಡಿದ ಜಾಗವನ್ನು ಬಿಡುವ ಮಾತಿಗೆ ಬೈಗುಳ ಬಾರದಿರುವುದು ನನಗೇ ಭಯ ಹುಟ್ಟಿಸಿದೆ. ಸುಧರಾಯಿಯನ್ನು ಸಮಾಪ್ತ ಮಾಡಲು ದೊಡ್ಡ ನಗರಪಾಲಿಕೆಯ ಕೈಯಲ್ಲೂ ಆಗಿರಲಿಲ್ಲ. ಅದರ ಕಥೆ ಹೇಳಲು ಬಂದ ತಮ್ಮ ಕೈಯಲ್ಲಿ ಒಂದೇ ವಾಕ್ಯಕ್ಕೆ ಆಗಿಹೋಯಿತು.

ಕ್ರಮಪ್ರಕಾರ ದೂರು ಕೊಡದೆ ಪತ್ರಕ್ಕೆ ಇಳಿದೆನೆಂದು ತಾವು ತಿಳಿಯಬಾರದು. ತಮ್ಮ ಆರೋಗ್ಯ ನೋಡಿಕೊಳ್ಳುವ ಅಜಯ್ ಎಂಬುವರನ್ನು ಕರೆಸಿದ್ದೆವು. ಸೂರತ್ತಿನ ಹತ್ತಿರದ ಸಚಿನ್ ಎಂಬ ಊರಿನವರು, ಮರ್ಯಾದಸ್ಥರು, ನಾನು ಕೊಟ್ಟ ಚಕ್ಕುಲಿ ತಿಂದು ನನ್ನನ್ನು ಮಾಸಿ, ಅಂದರೆ ಚಿಕ್ಕಮ್ಮ, ಎಂದರು. ತಮ್ಮ ತಂತಿಯನ್ನು ಬೇರೆ ಕಡೆಗೆ ಜೋಡಿಸಿ, ಬೆನ್ನು ತೆರೆದು ಏನೋ ತಿರುಗಿಸಿದರು. ಅದರ ಫಲವಾಗಿ ಈಗ ತಾವು ಹಸುಗಳನ್ನು ಗಮನಿಸುವುದಿಲ್ಲ, ಹೆಂಗಸರನ್ನು ಮೊದಲಿಗಿಂತ ದೂರದಿಂದಲೇ ಗುರುತಿಸಿ ಗದರಿಸುತ್ತೀರಿ. ಆ ಒಂದು ಸಾಲನ್ನು ತೆಗೆದುಬಿಡಿ ಎಂದು ಕೇಳಿದ್ದಕ್ಕೆ ಅವರು, "ಮಾಸಿ, ವೋ ತೋ ಊಪರ್ ಸೇ ಹೋಗಾ", ಅದು ಮೇಲಿನಿಂದಲೇ ಆಗಬೇಕು, ಎಂದು ಬೆರಳು ಮೇಲೆತ್ತಿದರು. ನಾನು ಮೇಲೆ ನೋಡಿದೆ. ಬಾ ಅವರ ಕಿಟಕಿಯ ಹೊರತು ಇನ್ನೇನೂ ಕಾಣಿಸಲಿಲ್ಲ. ಹೋಗುವಾಗ ಅಜಯ್ ಇನ್ನೊಂದು ಮಾತು ಹೇಳಿದರು. ಬೀದಿದೀಪ ಇನ್ನು ಕತ್ತಲಾದರೆ ತಾನೇ ಹತ್ತಿಕೊಳ್ಳುತ್ತದಂತೆ, ಮೆಟ್ಟಿಲ ಕೆಳಗಿನ ಹಳೆಯ ಸ್ವಿಚ್ಚನ್ನು ಹಾಕಿಯೇ ಇರಬೇಕಂತೆ, ಯಾವ ಕಾರಣಕ್ಕೂ ಮುಟ್ಟಬಾರದಂತೆ. ಹೀಗೆ ಬಾ ಅವರ ಜಾಗದ ಜೊತೆ ನನ್ನ ಹುದ್ದೆಯೂ ಹೋಯಿತು. ಮುಟ್ಟಬೇಡಿ ಎಂದದ್ದನ್ನು ನಾನು ಈ ಪತ್ರದ ಈ ಸಾಲಿನವರೆಗೂ ಮುಟ್ಟಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಅರಿಕೆಗಳು. ತಾವು ಮಧ್ಯಾಹ್ನದ ಊಟದ ನಂತರ ಒಂದಿಷ್ಟು ಹೊತ್ತು ಮಲಗಬೇಕು; ಅಹಮದಾಬಾದಿನ ಬಿಸಿಲಿನಲ್ಲಿ ಯಾವ ಗೌರವಸ್ಥರೂ ಆ ಹೊತ್ತಿನಲ್ಲಿ ಇತಿಹಾಸ ಹೇಳುವುದಿಲ್ಲ. ಮಾತಿನ ನಡುವೆ ಒಮ್ಮೊಮ್ಮೆಯಾದರೂ ಕೆಮ್ಮಬೇಕು. ಯಾರಾದರೂ ಪ್ರಶ್ನೆ ಕೇಳಿದರೆ "ನನಗೆ ಗೊತ್ತಿಲ್ಲ, ಬಾ ಅವರನ್ನು ಕೇಳಿ" ಎಂದು ಕಿಟಕಿಯ ಕಡೆ ತೋರಿಸಬೇಕು. ಪೂರ್ವಿ ಪ್ರೇಮಾ ಇಬ್ಬರೂ ಒಟ್ಟಿಗೆ ಹಾದುಹೋದಾಗ ಛುಂದೊ ಭರಣಿಗಳ ಬಗ್ಗೆ ತಮಗೆ ತೋಚಿದ ಪರಿಹಾರವನ್ನು ಸೂಚಿಸಬೇಕು. ಬಾ ಅವರ ಜಾಗದಲ್ಲಿ ನಿಂತ ಮೇಲೆ ಬಾ ಅವರ ಕೆಲಸವನ್ನೂ ಮಾಡುವುದು ನ್ಯಾಯವಲ್ಲವೇ? ತಮ್ಮ ಕಥೆಯಲ್ಲಿ ಸಮಾಪ್ತವಾಯಿತು ಎನ್ನುವಲ್ಲಿ ಸ್ವಲ್ಪ ತಡೆದು, "ಎಂದು ಮೇಲಿನವರು ಹೇಳುತ್ತಾರೆ" ಎಂದು ಸೇರಿಸಿದರೆ ತಮ್ಮ ಉಕ್ಕಿಗೇನೂ ತುಕ್ಕು ಹಿಡಿಯುವುದಿಲ್ಲ.

ಇವೆಲ್ಲ ಕಷ್ಟವೆಂದಾದರೆ ಎಲ್ಲವನ್ನೂ ಬಿಟ್ಟುಕೊಡುತ್ತೇನೆ, ಒಂದನ್ನು ಮಾತ್ರ ನಡೆಸಿಕೊಡಿ. ಒಂದು ಸಂಜೆ, ಒಂದೇ ಒಂದು ಸಲ, ಆ ಅಪ್ಪಣೆಯ ಬದಲು "ಬೇಸೋ, ಬಾ" ಎನ್ನಿ. ಗುಜರಾತಿಯಲ್ಲಿ ಅದಕ್ಕೆ ಕೂತುಕೊಳ್ಳಿ ತಾಯಿ ಎಂದು ಅರ್ಥ. ಎರಡೇ ಮಾತು, ನಾನು ಈ ಭಾಷೆಯಲ್ಲಿ ಮೊದಲು ಕಲಿತದ್ದೂ ಅವನ್ನೇ. ಅದರಲ್ಲಿ ಒಂದನ್ನು ಕಲಿಯಬೇಕಾಗಿಯೂ ಇರಲಿಲ್ಲ, ಊರಿನಿಂದಲೇ ತಂದಿದ್ದೆ.

ಇಷ್ಟು ದೀರ್ಘವಾದ ಪತ್ರವನ್ನು ತಾವು ನಿಂತೇ ಓದಿಕೊಂಡದ್ದಕ್ಕೆ ವಂದನೆಗಳು. ತಮಗೆ ಕೂರುವುದಕ್ಕೆ ಬಾರದೆಂಬುದು ನನಗೆ ಗೊತ್ತು. ಬರುತ್ತಿದ್ದರೆ ಈ ಪತ್ರಕ್ಕೆ ಕಾರಣವೇ ಇರುತ್ತಿರಲಿಲ್ಲ.

ತಮ್ಮಿಂದ ಪದೇಪದೇ ಎಬ್ಬಿಸಲ್ಪಟ್ಟರೂ
ತಮ್ಮ ವಿಶ್ವಾಸಿಯೇ ಆಗಿ ಉಳಿದಿರುವ,
ಹೇಮಲತಾ ವೆಂಕಟಾಚಲ
(ಮಾಜಿ ದೀಪದವಳು, ಖಿಸಕೋಲಿ ಪೋಳ ಸುಧರಾಯಿ)

ಮರೆತ ಮಾತು: ಮೇಲಿನದನ್ನೆಲ್ಲ ಬರೆದು ಲಕೋಟೆ ಅಂಟಿಸುವ ಮುಂಚೆ ಒಂದು ಸಣ್ಣ ಬದಲಾವಣೆಯಾಗಿದೆ. ತಮ್ಮ ಕಥೆಯಲ್ಲಿ ಸುಧರಾಯಿ ಬೀದಿಗೆ ದೀಪ ಹಾಕಿಸಿತೆಂದು ಹೇಳುತ್ತೀರಿ, ಸ್ವಿಚ್ಚು ಎಲ್ಲಿದೆಯೆಂದು ಹೇಳುವುದಿಲ್ಲ. ಅಜಯ್ ಬಂದುಹೋದ ಮೇಲೆ ತಮಗೆ ಕರೆಂಟು ಬರುವುದೂ ಅದೇ ಹಳೆಯ ದೀಪದ ತಂತಿಯಿಂದಲೇ ಎಂದು ನಿನ್ನೆ ಯಜಮಾನರು, ಬೇರೆ ಕೆಲಸವಿಲ್ಲದ್ದರಿಂದ, ತಂತಿಯ ಜಾಡು ಹಿಡಿದು ಕಂಡುಹಿಡಿದರು. ಸಂಜೆ ಇನ್ನೂ ಬೆಳಕಿರುವಾಗಲೇ ನಾನು ಮೆಟ್ಟಿಲ ಕೆಳಗೆ ಹೋಗಿ ನನ್ನ ಹಳೆಯ ಹುದ್ದೆಯನ್ನು ಅರ್ಧ ಮಾತ್ರ ನಿರ್ವಹಿಸಿದೆ, ಹಚ್ಚಲಿಲ್ಲ, ಆರಿಸಿದೆ. ತಾವು "ನಮಸ್ಕಾರ, ತಮ" ಎಂಬಲ್ಲಿಗೆ ನಿಂತುಹೋದಿರಿ. ಆಮೇಲೆ ಬೀದಿಯಲ್ಲಿ ನಿಂತು ಮೇಲಿನ ಕಿಟಕಿಗೆ "ಬಾ!" ಎಂದು ಕೂಗಿದೆ. ಹೆಸರು ಹಿಡಿದು ಕೂಗಿದೆನೋ, ಬಾರೆಂದು ಕೂಗಿದೆನೋ, ನನಗೂ ಗೊತ್ತಿಲ್ಲ. ಮೊದಲು ಬುಟ್ಟಿ ಇಳಿಯಿತು, ಹಿಂದೆಯೇ ಬಾ ಇಳಿದರು. ಆದರೆ ಕೂರಲಿಲ್ಲ. ತಮ್ಮೆದುರು ಕೈಮುಗಿದು ನಿಂತು, ಇಲ್ಲಿ ಕೂರಲೇ ಎಂದು ಕ್ರಮಪ್ರಕಾರ ತಮ್ಮನ್ನೇ ಕೇಳಿದರು. ಪೂರ್ವಿ ಚಹಾ ತಂದಳು. ಪ್ರೇಮಾಳೂ ಬಂದು ಪೂರ್ವಿಯ ಕೈಯಿಂದಲೇ ಲೋಟ ತೆಗೆದುಕೊಂಡಳು. ಎಲ್ಲರೂ ನಿಂತೇ ಕುಡಿದೆವು, ತಮ್ಮ ಮುಖವನ್ನೇ ನೋಡುತ್ತ, ಆದಷ್ಟು ನಿಧಾನವಾಗಿ ಕುಡಿದೆವು. ಚಹಾ ಮುಗಿಯುವವರೆಗೂ ತಾವು ಬೇಡವೆನ್ನಲಿಲ್ಲ. ಬಾ ಕೂತರು. ಹೀಗಾಗಿ ಸಹಿಯ ಕೆಳಗಿನ "ಮಾಜಿ" ಎಂಬುದನ್ನು ದಯವಿಟ್ಟು ಹೊಡೆದುಹಾಕಿಕೊಂಡು ಓದಬೇಕು. ಸಭೆ ಇನ್ನು ದಿನವೂ ನಡೆಯುತ್ತದೆ, ಮುಗಿದ ಮೇಲೆ ತಮ್ಮನ್ನು ನಾನೇ ಮತ್ತೆ ಹಚ್ಚುತ್ತೇನೆ. ಅಲ್ಲಿಯವರೆಗೆ, ಹೇಗೂ ಬೋರ್ಡಿನಲ್ಲೇ ಬರೆದಿದೆಯಲ್ಲ, ತಾವೂ ಸ್ವಲ್ಪ ಸುಧಾರಿಸಿಕೊಳ್ಳಿ.